ಅತ್ತೆ ಚಳಿ ಇಲ್ಲ ಅನ್ನುತ್ತಾರೆ, ಕೈ ಮುಟ್ಟಿದರೆ ಐಸ್: ಹೀಟರ್ ಬಿಲ್ ಏರದಂತೆ ರೂಮು ಬೆಚ್ಚಗಿಡುವುದು ಹೇಗೆ?

ಪಾರಿಜಾತ, ಕುವೆಂಪುನಗರ · ಜನವರಿ 3

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಯಾರಿಗೆ ಬೇಕು ರೂಮ್ ಹೀಟರ್ ಅಂತ ಅನ್ನಿಸಬಹುದು. ನಮ್ಮ ಮನೆಯಲ್ಲಿ ಈಗ ಇದೇ ದೊಡ್ಡ ಚಿಂತೆ. ಸ್ವಲ್ಪ ಉದ್ದ ಬರೆದಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಅತ್ತೆಗೆ 81 ವರ್ಷ. ಕೆ.ಆರ್.ಪೇಟೆ ಹತ್ತಿರದ ಹಳ್ಳಿಯವರು. ಮಾವ ಹೋದ ಮೇಲೂ ಊರಲ್ಲೇ ಒಬ್ಬರೇ ಇದ್ದರು. ಹೋದ ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ದೇವರು ದೊಡ್ಡವನು. ಇನ್ನು ಒಬ್ಬರನ್ನೇ ಬಿಡುವುದು ಬೇಡ ಅಂತ ಇಲ್ಲಿಗೆ ಕರೆದುಕೊಂಡು ಬಂದೆವು. ಮೈಸೂರಲ್ಲಿ ಅವರಿಗೆ ಇದು ಮೊದಲನೇ ಮಾಗಿ.

ನಮ್ಮದು 1998ರಲ್ಲಿ ಕಟ್ಟಿದ ಆರ್‌ಸಿಸಿ ಮನೆ. ಮೇಲೆ ಮಹಡಿ ಇಲ್ಲ. ಅತ್ತೆಗೆ ಕೊಟ್ಟಿರುವುದು ಉತ್ತರದ ಕಡೆಯ ರೂಮು. ಬಚ್ಚಲು ಅದಕ್ಕೇ ಅಂಟಿಕೊಂಡಿದೆ, ದೇವರ ಮನೆಯೂ ಎದುರಿಗೇ. ರಾತ್ರಿ ಎದ್ದು ದೂರ ನಡೆಯಬಾರದು ಅಂತ ಯೋಚಿಸಿಯೇ ಕೊಟ್ಟೆವು. ಆದರೆ ಮನೆಯಲ್ಲಿ ಇದೇ ತುಂಬಾ ತಣ್ಣಗಿನ ರೂಮು ಅಂತ ಈಗ ಗೊತ್ತಾಗುತ್ತಿದೆ. ಉಷ್ಣಾಂಶ ತೋರಿಸುವ ಗಡಿಯಾರ ಒಂದಿದೆ. ಬೆಳಗಿನ ಜಾವ ಐದಕ್ಕೆ ಹಾಲ್‌ನಲ್ಲಿ 22 ಡಿಗ್ರಿ ಇದ್ದರೆ ಅವರ ರೂಮಿನಲ್ಲಿ 19. ನೆಲಕ್ಕೆ ಟೈಲ್ಸ್. ಕಿಟಕಿ ಮೇಲೆ ಹಳೆಯ ಕಾಲದ ಗವಾಕ್ಷಿ, ಬರೀ ಜಾಲರಿ. ಏಪ್ರಿಲ್‌ನಲ್ಲಿ ಸೆಕೆ ತಡೆಯಲಾರದೆ ತಾರಸಿಗೆ ಬಿಳಿ ಕೋಟಿಂಗ್ ಬೇರೆ ಹೊಡೆಸಿದ್ದೇವೆ.

ಡಿಸೆಂಬರ್ ಮೊದಲ ವಾರ ಒಂದು ದಿನ ಬೆಳಿಗ್ಗೆ ಕಾಫಿ ಕೊಡುವಾಗ ಅವರ ಕೈ ಮುಟ್ಟಿದೆ. ಎದೆ ಧಸಕ್ ಅಂದಿತು. ಅಷ್ಟು ತಣ್ಣಗಿತ್ತು. ಅವತ್ತೇ ಹೋಗಿ 2000 ವ್ಯಾಟ್‌ನ ಫ್ಯಾನ್ ಹೀಟರ್ ತಂದೆವು. ರಾತ್ರಿ ಎರಡು ಗಂಟೆ, ಬೆಳಗಿನ ಜಾವ ಎರಡು ಗಂಟೆ ಹಾಕುತ್ತಿದ್ದೆವು. ಧನುರ್ಮಾಸ ಅಂತ ಅತ್ತೆ ಐದಕ್ಕೇ ಸ್ನಾನ ಮಾಡುತ್ತಾರೆ. ಹಾಗಾಗಿ ಗೀಸರ್ ಕೂಡ ನಾಲ್ಕೂವರೆಯಿಂದ ಎಲ್ಲರ ಸ್ನಾನ ಮುಗಿಯುವ ತನಕ ಆನ್.

ನಮ್ಮ ಮನೆಯ ಖರ್ಚು ತಿಂಗಳಿಗೆ 108 ಯೂನಿಟ್ ಆಸುಪಾಸು. ಗೃಹಜ್ಯೋತಿಯಲ್ಲಿ ನಮಗೆ ನಿಗದಿಯಾಗಿರುವುದು 114. ಅಂದರೆ ಇಷ್ಟು ದಿನ ಸೊನ್ನೆ ಬಿಲ್. ಡಿಸೆಂಬರ್‌ನಲ್ಲಿ 338 ಯೂನಿಟ್ ಬಂತು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಲ್ವಾ. 2,700 ರೂಪಾಯಿ ಹತ್ತಿರ ಬಂತು.

ದುಡ್ಡು ಹೇಗೋ ಕಟ್ಟಿದೆವು. ನೋವಾದದ್ದು ಆಮೇಲೆ. ನಾನೂ ನಮ್ಮ ಯಜಮಾನರೂ ಅಡುಗೆಮನೆಯಲ್ಲಿ ಬಿಲ್ ವಿಷಯ ಮಾತಾಡಿದ್ದು ಅತ್ತೆ ಕಿವಿಗೆ ಬಿದ್ದಿದೆ. ಅವತ್ತಿನಿಂದ ಹೀಟರ್ ಹಾಕಲು ಹೋದರೆ ಬಿಡುವುದಿಲ್ಲ. "ಬುಡವ್ವ, ಏನ್ ಚಳಿ, ನಂಗೇನ್ ಚಳೀನೇ ಇಲ್ಲ" ಅನ್ನುತ್ತಾರೆ. ನಾನು ಹಾಕಿ ಬಂದರೆ ಎದ್ದು ಆಫ್ ಮಾಡುತ್ತಾರೆ. ಕೈ ಮುಟ್ಟಿ ನೋಡಿದರೆ ಅದೇ ಐಸ್. ಅವರಿಗೆ ಅಷ್ಟು ಸಂಕೋಚ ಆಗುವ ಹಾಗೆ ಮಾತಾಡಿಬಿಟ್ಟೆವಲ್ಲ ಅಂತ ನನಗೆ ಎರಡು ದಿನ ನಿದ್ದೆ ಬರಲಿಲ್ಲ.

ಆಯಿಲ್ ಹೀಟರ್ ತಂದರೆ ಕರೆಂಟ್ ಕಮ್ಮಿ ಅಂತ ಅಂಗಡಿಯವರು ಹೇಳಿದರು. ನಿಜವಾ? ಬೇರೆ ದಾರಿ ಏನಿದೆ? ಇನ್ನೊಂದು ಮಾತು, ಹೀಟರ್ ಪ್ಲಗ್ ಸಿಕ್ಕಾಪಟ್ಟೆ ಬಿಸಿಯಾಗುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಮೇಲೆ ಕಂದು ಕಲೆ ಬಂದಿದೆ. ಅದು ಸಾಮಾನ್ಯವಾ?

---

ವೈರ್‌ಮನ್, ಮಂಡ್ಯ · ಜನವರಿ 3

ಅಕ್ಕ, ಮೊದಲು ಕೊನೇ ಮಾತಿಗೆ ಉತ್ತರ. ಆ ಬಾಕ್ಸ್ ಇವತ್ತೇ ತೆಗೆದು ಎಸೆಯಿರಿ. ಕಂದು ಕಲೆ ಅಂದರೆ ಒಳಗೆ ಪ್ಲಾಸ್ಟಿಕ್ ಸುಡುತ್ತಿದೆ. 2000 ವ್ಯಾಟ್ ಹೀಟರ್ 230 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತದೆ. ಫ್ಯಾನಿಗೂ ಮೊಬೈಲ್ ಚಾರ್ಜರ್‌ಗೂ ಇರುವ 6 ಆಂಪಿಯರ್ ಸಾಕೆಟ್ ಅದನ್ನು ತಡೆಯುವುದಿಲ್ಲ. ಗೀಸರ್‌ಗೆ ಇರುತ್ತದಲ್ಲ, ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್, ಅದಕ್ಕೇ ನೇರವಾಗಿ ಹಾಕಬೇಕು. ರೂಮಿನಲ್ಲಿ ಅದಿಲ್ಲದಿದ್ದರೆ ಬೋರ್ಡಿನಿಂದ ಬೇರೆ ವೈರ್ ಎಳೆಸಿ. ವಯಸ್ಸಾದವರು ಮಲಗಿರುವ ರೂಮು, ಇದರಲ್ಲಿ ಉಳಿತಾಯ ಬೇಡ.

ಆಯಿಲ್ ಹೀಟರ್ ವಿಷಯ. ರಾಡು, ಫ್ಯಾನು, ಆಯಿಲ್, ಯಾವುದಾದರೂ ಸರಿ, ಒಂದು ಯೂನಿಟ್ ಕರೆಂಟ್‌ಗೆ ಒಂದು ಯೂನಿಟ್ ಶಾಖವೇ ಬರುವುದು. ಅದಕ್ಕಿಂತ ಜಾಸ್ತಿ ಬರಲ್ಲ. ಆಯಿಲ್ ಹೀಟರ್ ನಿಧಾನವಾಗಿ ಕಾಯುತ್ತದೆ, ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುತ್ತದೆ. ಥರ್ಮೋಸ್ಟಾಟ್ ಇರುವುದರಿಂದ ತಾನೇ ಆಫ್ ಆಗಿ ಆನ್ ಆಗುತ್ತದೆ, ಅಷ್ಟು ಉಳಿಯುತ್ತದೆ. ಆದರೆ ಗವಾಕ್ಷಿ ತೆರೆದೇ ಇದ್ದರೆ ಅದು ಆಫ್ ಆಗುವುದೇ ಇಲ್ಲ. ಶಾಖ ಕೊಡುವ ಇನ್ವರ್ಟರ್ ಎಸಿ ಒಂದೇ ಬೇರೆ ಲೆಕ್ಕ. ಅದು ಹೊರಗಿನ ಗಾಳಿಯ ಶಾಖವನ್ನು ಒಳಗೆ ತರುತ್ತದೆ, ಹಾಗಾಗಿ ಒಂದು ಯೂನಿಟ್‌ಗೆ ಮೂರರಷ್ಟು ಶಾಖ ಕೊಡಬಲ್ಲದು. ಎರಡು ತಿಂಗಳ ಚಳಿಗೆ ಎಸಿ ಹಾಕಿಸಿ ಅಂತ ನಾನು ಹೇಳಲ್ಲ.

ನಿಮ್ಮ ಲೆಕ್ಕ ಸರಿಯಾಗೇ ಇದೆ. 2000 ವ್ಯಾಟ್, ದಿನಕ್ಕೆ 4 ಗಂಟೆ, 8 ಯೂನಿಟ್. 24 ದಿನಕ್ಕೆ 192. ಉಳಿದದ್ದು ಗೀಸರ್. 15 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾಯಲು ಬೇಕಾಗುವುದು ಮುಕ್ಕಾಲು ಯೂನಿಟ್ ಒಳಗೇ. 2000 ವ್ಯಾಟ್ ಗೀಸರ್‌ನಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷದ ಕೆಲಸ. ಒಬ್ಬರ ಸ್ನಾನಕ್ಕೆ ಮುಂಚೆ ಹಾಕಿ, ಆಫ್ ಮಾಡಿ. ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸಿದರೆ ಇನ್ನೂ ಒಳ್ಳೆಯದು.

---

ಹಳೇ ಅಗ್ರಹಾರ · ಜನವರಿ 3

ನಮ್ಮ ಕಾಲದಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿದ್ದರು. ಇದ್ದಿಲು ಕೆಂಡ, ಮೇಲೊಂದಿಷ್ಟು ಸಾಂಬ್ರಾಣಿ. ರಾತ್ರಿಯೆಲ್ಲಾ ಬೆಚ್ಚಗೆ. ಒಂದು ಪೈಸೆ ಕರೆಂಟ್ ಬೇಡ. ಅಜ್ಜಿಗೂ ಅಭ್ಯಾಸ ಇರುತ್ತದೆ.

---

ರಾತ್ರಿ ಪಾಳಿ ನರ್ಸ್, ಮೈಸೂರು · ಜನವರಿ 4

ಮೇಲಿನ ಹಿರಿಯರೇ, ಬೇಸರ ಮಾಡಿಕೊಳ್ಳಬೇಡಿ, ಆದರೆ ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಬಾಗಿಲು ಹಾಕಿದ ರೂಮಿನಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ವಾಸನೆ ಇಲ್ಲ, ಹೊಗೆ ಕಾಣುವುದಿಲ್ಲ. ಮಲಗಿದವರು ಮಲಗಿದ ಹಾಗೇ ಹೋಗಿಬಿಡುತ್ತಾರೆ. ಹಿಂದೆ ಹೆಂಚಿನ ಮನೆ ಇತ್ತು, ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಈಗಿನ ಆರ್‌ಸಿಸಿ ರೂಮು ಡಬ್ಬಿ ಇದ್ದ ಹಾಗೆ. ಗ್ಯಾಸ್ ಗೀಸರ್ ಇರುವ ಬಚ್ಚಲಿಗೂ ಇದೇ ಮಾತು, ಅಲ್ಲಿನ ಗವಾಕ್ಷಿ ಯಾವತ್ತೂ ಮುಚ್ಚಬಾರದು.

ಪಾರಿಜಾತ ಅವರೇ, ನಿಮ್ಮ ಅತ್ತೆ ಚಳಿ ಇಲ್ಲ ಅನ್ನುವುದು ಪೂರ್ತಿ ಸಂಕೋಚಕ್ಕೇ ಇರಲಾರದು. ವಯಸ್ಸಾದ ಮೇಲೆ ಚಳಿ ಆಗುತ್ತಿದೆ ಅಂತ ಗೊತ್ತಾಗುವುದೇ ಕಮ್ಮಿಯಾಗುತ್ತದೆ. ನಡುಕ ಹುಟ್ಟಿಸಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿಯೂ ಇಳಿಯುತ್ತದೆ. ಅದಕ್ಕೇ ಅವರನ್ನು ಕೇಳಬೇಡಿ, ಗಡಿಯಾರ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಮನೆಗಳ ಬಗ್ಗೆ ಕೊಟ್ಟ ಸಲಹೆಯಲ್ಲಿ ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅಂದಿದೆ, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಜಾಸ್ತಿ ಬೇಕಾಗಬಹುದು ಅಂತಲೂ ಹೇಳಿದೆ. ನಿಮ್ಮದು 19. ಅಂದರೆ ಅಪಾಯ ಅಲ್ಲ, ಆದರೆ ಅಂಚಿನಲ್ಲಿದೆ.

ಒಮ್ಮೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್ ಕಮ್ಮಿ ಇದ್ದರೂ, ರಕ್ತ ಕಮ್ಮಿ ಇದ್ದರೂ ಕೈಕಾಲು ಹೀಗೆ ತಣ್ಣಗಾಗುತ್ತದೆ. ಎರಡೂ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಚಳಿಗೆ ರಕ್ತನಾಳ ಬಿಗಿದು ಬಿಪಿ ಏರುತ್ತದೆ. ಬೆಳಗಿನ ಜಾವ ಬೆಚ್ಚಗಿನ ಹಾಸಿಗೆಯಿಂದ ತಣ್ಣಗಿನ ಬಚ್ಚಲಿಗೆ ಧಡಕ್ಕನೆ ಹೋಗುವುದು ಬೇಡ. ಕೂತು, ಶಾಲು ಹೊದ್ದು, ಐದು ನಿಮಿಷ ಬಿಟ್ಟು ಹೋಗಲಿ.

ಬಿಸಿನೀರಿನ ಚೀಲ ಕೊಡುವುದಾದರೆ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿದಿದ್ದರೆ ಸುಟ್ಟರೂ ಗೊತ್ತಾಗಲ್ಲ. ಬೆಳಿಗ್ಗೆ ಬೊಬ್ಬೆ ಎದ್ದಿರುತ್ತದೆ. ಇಂಥವರಿಗೆ ಡ್ರೆಸಿಂಗ್ ಮಾಡಿ ಮಾಡಿ ನನಗೆ ಸಾಕಾಗಿದೆ. ದಪ್ಪ ಟವೆಲ್ ಸುತ್ತಿ ಹಾಸಿಗೆ ಬೆಚ್ಚಗೆ ಮಾಡಿ, ಮಲಗುವಾಗ ತೆಗೆದುಬಿಡಿ.

---

ಹಳೇ ಅಗ್ರಹಾರ · ಜನವರಿ 4

ಸಿಸ್ಟರ್ ಹೇಳಿದ್ದು ಸರಿ. ನನ್ನ ಮಾತು ವಾಪಸ್ ತೆಗೆದುಕೊಂಡಿದ್ದೇನೆ. ಯಾರೂ ಮಾಡಬೇಡಿ.

---

ಗಾರೆ ಮತ್ತು ಗಾಳಿ · ಜನವರಿ 4

ನಾನು ಮನೆ ಕಟ್ಟಿಸುವ ಕೆಲಸದವನು. ನಿಮ್ಮ ಉತ್ತರದ ರೂಮು ತಣ್ಣಗಿರುವುದಕ್ಕೆ ಕಾರಣ ಸೂರ್ಯ. ಮೈಸೂರಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಸೂರ್ಯ ನಡುನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಉತ್ತರದ ಗೋಡೆ ದಿನವಿಡೀ ನೆರಳಲ್ಲೇ ಇರುತ್ತದೆ. ಜೂನ್‌ನಲ್ಲಿ ಇದು ಉಲ್ಟಾ. ಆಗ ಅದೇ ಗೋಡೆಗೆ ಬಿಸಿಲು ಬೀಳುತ್ತದೆ. ಆಗುವುದಾದರೆ ಧನುರ್ಮಾಸದಿಂದ ಶಿವರಾತ್ರಿ ತನಕ ಅತ್ತೆಯವರನ್ನು ದಕ್ಷಿಣದ ರೂಮಿಗೆ ಕಳಿಸಿ.

ಹೀಟರ್ ಯಾಕೆ ಅಷ್ಟು ಕರೆಂಟ್ ತಿಂದರೂ ರೂಮು ಬೆಚ್ಚಗಾಗಲ್ಲ ಅಂತ ತುಂಬಾ ಜನ ಕೇಳುತ್ತಾರೆ. 10-12ರ ರೂಮಿನೊಳಗಿನ ಗಾಳಿ ತೂಗಿದರೆ 40 ಕೆಜಿ ಆಸುಪಾಸು ಅಷ್ಟೇ. ಅದರ ಮೇಲಿನ 5 ಇಂಚಿನ ಆರ್‌ಸಿಸಿ ತಾರಸಿಯೇ 3 ಟನ್ ದಾಟುತ್ತದೆ. ಗೋಡೆ, ನೆಲ ಬೇರೆ. ಹೀಟರ್ ಗಾಳಿಯನ್ನು ಬೇಗ ಬಿಸಿ ಮಾಡುತ್ತದೆ, ಗಾರೆ ಆ ಬಿಸಿಯನ್ನು ಕುಡಿದುಬಿಡುತ್ತದೆ. ಆಫ್ ಮಾಡಿ ಹತ್ತು ನಿಮಿಷಕ್ಕೆ ಮತ್ತೆ ಚಳಿ. ನೀವು ಕಟ್ಟಿದ 2,700ರಲ್ಲಿ ಬಹಳಷ್ಟು ತಾರಸಿಗೆ, ಗೋಡೆಗೆ, ಗವಾಕ್ಷಿಗೆ ಹೋಗಿದೆ.

ಅದಕ್ಕೆ ರೂಮನ್ನು ಬಿಟ್ಟು ಮನುಷ್ಯರನ್ನು ಬೆಚ್ಚಗಿಡಿ. ಮಂಚ ಹೊರಗೋಡೆಗೆ ಒತ್ತಿದ್ದರೆ ಒಳಗೋಡೆ ಕಡೆ ಎಳೆಯಿರಿ. ತಣ್ಣಗಿನ ಗೋಡೆ ಪಕ್ಕ ಮಲಗಿದರೆ ಗಾಳಿ ಬೆಚ್ಚಗಿದ್ದರೂ ಮೈಯಿನ ಶಾಖ ಗೋಡೆ ಕಡೆ ಹೋಗುತ್ತಲೇ ಇರುತ್ತದೆ. ಗವಾಕ್ಷಿಗೆ ಅಳತೆಗೆ ಕತ್ತರಿಸಿದ ಪ್ಲೈವುಡ್ ಹಲಗೆ ಮಾಡಿಸಿ, ಸಂಜೆ ಐದಕ್ಕೆ ಹಾಕಿ, ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಿರಿ. ಖಾಯಂ ಮುಚ್ಚಬೇಡಿ, ಬೇಸಿಗೆಯಲ್ಲಿ ಅದು ಬೇಕೇ ಬೇಕು.

ಬಿಳಿ ಕೋಟಿಂಗ್ ಚಳಿಗಾಲದ ಬಿಸಿಲನ್ನೂ ವಾಪಸ್ ಕಳಿಸುತ್ತದೆ, ಹೌದು. ಆದರೂ ಕೆರೆಸಬೇಡಿ. ಮಾರ್ಚ್ ಏಪ್ರಿಲ್ ಸೆಕೆ ಇದೇ ಅತ್ತೆಯವರಿಗೆ ಚಳಿಗಿಂತ ಕಷ್ಟ.

---

ಮದ್ದೂರಿನವನು, ಈಗ ಮಿನೆಸೋಟ · ಜನವರಿ 5

ಅಕ್ಕ, ಇಲ್ಲಿ ಜನವರಿಯಲ್ಲಿ ಮೈನಸ್ 20 ಸಾಮಾನ್ಯ. ಮನೆ ಪೂರ್ತಿ ಗ್ಯಾಸ್ ಫರ್ನೇಸ್‌ನಲ್ಲಿ ಬಿಸಿ ಮಾಡುತ್ತೇವೆ, ಚಳಿಗಾಲದ ಬಿಲ್ ಅಂದರೆ ಎಲ್ಲರಿಗೂ ಭಯ. ಅಮೆರಿಕದ ಇಂಧನ ಇಲಾಖೆ ಕೊಡುವ ಸಲಹೆ ಏನೆಂದರೆ, ಎದ್ದಿರುವಾಗ ಮನೆ 68 ಫ್ಯಾರನ್‌ಹೀಟ್ ಇದ್ದರೆ ಸಾಕು, ಅಂದರೆ ನಮ್ಮ 20 ಡಿಗ್ರಿ. ದಿನಕ್ಕೆ ಎಂಟು ಗಂಟೆ 7ರಿಂದ 10 ಫ್ಯಾರನ್‌ಹೀಟ್ ಇಳಿಸಿದರೆ ವರ್ಷಕ್ಕೆ ಶೇಕಡ 10ರ ತನಕ ಉಳಿಯುತ್ತದೆ ಅನ್ನುತ್ತಾರೆ. ನಾವು ಮಲಗುವಾಗ ಇಳಿಸುತ್ತೇವೆ.

ನಿಮಗೆ ಉಪಯೋಗಕ್ಕೆ ಬರುವುದು ಇನ್ನೊಂದು. ಗಾಳಿ ಎಲ್ಲಿ ನುಗ್ಗುತ್ತದೆ ಅಂತ ಇಲ್ಲಿ ಊದುಬತ್ತಿ ಹಚ್ಚಿ ಹುಡುಕುತ್ತಾರೆ. ಮೈಸೂರಿನವರ ಮನೆಯಲ್ಲಿ ಊದುಬತ್ತಿಗೆ ಬರವೇ! ಫ್ಯಾನ್ ಆಫ್ ಮಾಡಿ, ಬಾಗಿಲ ಕೆಳಗೆ, ಕಿಟಕಿ ಚೌಕಟ್ಟಿನ ಸುತ್ತ ನಿಧಾನಕ್ಕೆ ಹಿಡಿಯಿರಿ. ಹೊಗೆ ಎಲ್ಲಿ ಬಾಗುತ್ತದೋ ಅಲ್ಲಿ ಸಂದಿ ಇದೆ.

---

ಪಾರಿಜಾತ, ಕುವೆಂಪುನಗರ · ಜನವರಿ 6

ಎಲ್ಲರಿಗೂ ಕೈ ಮುಗಿಯುತ್ತೇನೆ. ವೈರ್‌ಮನ್ ಅಣ್ಣ, ಬಾಕ್ಸ್ ಅವತ್ತೇ ಎಸೆದೆ. ಸಿಸ್ಟರ್, ನಾಳೆ ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇವೆ. ರೂಮು ಬದಲಾಯಿಸಲು ಅತ್ತೆ ಒಪ್ಪಲಿಲ್ಲ. ದೇವರ ಮನೆ ಕಣ್ಣೆದುರಿಗೇ ಇರಬೇಕಂತೆ. ಊದುಬತ್ತಿ ಹಿಡಿದಾಗ ಬಾಗಿಲ ಕೆಳಗೆ ಹೊಗೆ ಸರಕ್ಕನೆ ಒಳಗೆ ಎಳೆದುಕೊಂಡಿತು! ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಒಂದೊಂದೇ ಮಾಡಿ ಮತ್ತೆ ಬರೆಯುತ್ತೇನೆ.

---

ಪಾರಿಜಾತ, ಕುವೆಂಪುನಗರ · ಫೆಬ್ರವರಿ 5

ತಡವಾಯಿತು, ಕ್ಷಮಿಸಿ. ಅತ್ತೆಗೆ ರಕ್ತ ಕಮ್ಮಿ ಇತ್ತು. ಮಾತ್ರೆ ಕೊಟ್ಟಿದ್ದಾರೆ. ಸಿಸ್ಟರ್, ನೀವು ಹೇಳದಿದ್ದರೆ ನಾವು ಬರೀ ಹೀಟರ್ ಹಿಂದೆ ಬಿದ್ದಿರುತ್ತಿದ್ದೆವು.

ಬಾಗಿಲ ಸಂದಿಗೆ ಹಳೇ ಸೀರೆ ಸುತ್ತಿ ಉದ್ದ ದಿಂಬು ಹೊಲಿದೆ. ಗವಾಕ್ಷಿಗೆ ಹಲಗೆ ಆಯಿತು. ಮಂಚ ಒಳಗೋಡೆಗೆ ಬಂತು. ಸಂತೆಪೇಟೆಯಿಂದ ಗೋಣಿ ತಾಟು ತಂದು ಮಂಚದಿಂದ ಬಚ್ಚಲ ಬಾಗಿಲ ತನಕ ಹಾಸಿದೆವು. ಜಾರಬಾರದು ಅಂತ ಅಂಚನ್ನು ಟೈಲ್ಸ್‌ಗೆ ಟೇಪಿನಿಂದ ಅಂಟಿಸಿದ್ದೇವೆ. ಬೆಳಗಿನ ಜಾವ ಈಗ 21 ತೋರಿಸುತ್ತದೆ, ಹೀಟರ್ ಇಲ್ಲದೆ. 60 ವ್ಯಾಟ್‌ನ ಎಲೆಕ್ಟ್ರಿಕ್ ಹಾಸು ಒಂದು ತಂದೆವು. ಮಲಗುವ ಮುಂಚೆ ಒಂದು ಗಂಟೆ, ನಾಲ್ಕು ಗಂಟೆಗೆ ಎದ್ದು ನಾನು ಇನ್ನೊಂದು ಗಂಟೆ ಹಾಕುತ್ತೇನೆ. ಎರಡೂ ಸೇರಿ ತಿಂಗಳಿಗೆ 4 ಯೂನಿಟ್ ಕೂಡ ಆಗಲ್ಲ. ಮಧ್ಯಾಹ್ನ ದಕ್ಷಿಣದ ಜಗಲಿಯಲ್ಲಿ ಬಿಸಿಲಿಗೆ ಕೂರಿಸುತ್ತೇನೆ. ಅಲ್ಲೇ ಅವರೆಕಾಯಿ ಬಿಡಿಸುತ್ತಾ, ಹಿತಕುತ್ತಾ ಎರಡು ಗಂಟೆ ಕಳೆಯುತ್ತಾರೆ.

ಇಷ್ಟೆಲ್ಲಾ ಆದರೂ ಬೆಳಗಿನ ಜಾವ ಸಪ್ಪೆ ಮುಖ. ಯಾಕೆ ಅಂತ ತಿಳಿಯುತ್ತಿರಲಿಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಗೊತ್ತಾಯಿತು. ಊರ ಮನೆ ಬಚ್ಚಲಲ್ಲಿ ತಾಮ್ರದ ಹಂಡೆ ಇದೆ. ಅತ್ತೆ ನಾಲ್ಕೂವರೆಗೇ ಎದ್ದಿದ್ದರು. ತೆಂಗಿನ ಗರಿ, ಚಿಪ್ಪು, ಒಣಗಿದ ಕಬ್ಬಿನ ತರಗು ಹಾಕಿ ಉರಿ ಮಾಡಿ, ಒಂದು ಮಣೆ ಹಾಕಿಕೊಂಡು ಒಲೆ ಮುಂದೆ ಕೂತಿದ್ದರು. ಎರಡೂ ಅಂಗೈ ಉರಿಗೆ ಹಿಡಿದಿದ್ದರು. ಪಕ್ಕದ ಮನೆಯ ಅಜ್ಜಿಯೂ ಬಂದು ಕೂತರು. ನೀರು ಕಾಯುವ ತನಕ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು. ಐವತ್ತು ಅರವತ್ತು ವರ್ಷ ಅವರ ಬೆಳಗು ಹೀಗೇ ಶುರುವಾಗಿದೆ. ನಮ್ಮ ಮನೆಯಲ್ಲಿ ಗೋಡೆ ಮೇಲೊಂದು ಸ್ವಿಚ್, ಅಷ್ಟೇ.

ಮೈಸೂರಿಗೆ ಬಂದ ಮೇಲೆ ಅಟ್ಟದಿಂದ ಹಳೆಯ ರಾಡ್ ಹೀಟರ್ ಇಳಿಸಿದೆ, ಕಾಯಿಸಿದರೆ ಕೆಂಪಗಾಗುವಂಥದ್ದು. ವೈರು, ಪ್ಲಗ್ ಎಲ್ಲಾ ಹೊಸದು ಹಾಕಿಸಿದೆವು. ಎರಡು ರಾಡ್ ಇದೆ, ಒಂದೇ ಹಾಕುತ್ತೇವೆ, 400 ವ್ಯಾಟ್. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಅರ್ಧ ಗಂಟೆ, ಪೂಜೆ ಮುಗಿದ ಮೇಲೆ ಅರ್ಧ ಗಂಟೆ. ಸೆರಗು ತಾಗದಷ್ಟು ದೂರ ಇಟ್ಟು ಪಕ್ಕದಲ್ಲಿ ನಾನೂ ಕೂರುತ್ತೇನೆ, ಕಾಫಿ ಹಿಡಿದುಕೊಂಡು. ಅತ್ತೆ ಥೇಟ್ ಹಂಡೆ ಒಲೆಗೆ ಹಿಡಿದ ಹಾಗೇ ಕೈ ಹಿಡಿಯುತ್ತಾರೆ. ಮೊದಲನೇ ದಿನ "ಇದೆಷ್ಟ್ ತಿಂದಾದು ಕರೆಂಟು?" ಅಂತ ಕೇಳಿದರು. ದಿನಕ್ಕೆ ಅರ್ಧ ಯೂನಿಟ್ ಕೂಡ ಇಲ್ಲ ಅಂತ ಲೆಕ್ಕ ಹಾಕಿ ತೋರಿಸಿದೆ. "ಹಂಗಾರೆ ಇರ್ಲಿ ಬುಡು" ಅಂದರು. ಆಮೇಲೆ ಒಂದು ದಿನವೂ ಆಫ್ ಮಾಡಿಲ್ಲ.

ಜನವರಿಯಲ್ಲಿ 144 ಯೂನಿಟ್ ಬಂತು. 200 ದಾಟಲಿಲ್ಲ, ಹಾಗಾಗಿ ಹೆಚ್ಚಾದ 30 ಯೂನಿಟ್‌ಗೆ ಮಾತ್ರ ಕಟ್ಟಿದೆವು. ಬಿಲ್ ವಿಷಯ ಈಗ ಅತ್ತೆ ಎದುರಿಗೇ ಮಾತಾಡುತ್ತೇವೆ. ಮೀಟರ್ ಎಷ್ಟಾಯಿತು ಅಂತ ಅವರೇ ಕೇಳುತ್ತಾರೆ.

ಊರಿಂದ ಬರುವಾಗ ಅತ್ತೆ ಮಾವನ ಕರಿ ಕಂಬಳಿ ತಂದುಕೊಂಡಿದ್ದಾರೆ, ಕುರಿ ಉಣ್ಣೆಯದು. ಪೆಟ್ಟಿಗೆಯಲ್ಲಿ ಇದ್ದು ಇದ್ದು ಮುಗ್ಗಲು ವಾಸನೆ. ವಾಷಿಂಗ್ ಮಷಿನ್‌ಗೆ ಹಾಕಬಹುದಾ? ಹಾಳಾದರೆ ಅವರು ತಡೆದುಕೊಳ್ಳುವುದಿಲ್ಲ.

---

ಹಳೇ ಅಗ್ರಹಾರ · ಫೆಬ್ರವರಿ 5

ಮಷಿನ್‌ಗೆ ಮಾತ್ರ ಹಾಕಬೇಡಮ್ಮ. ಉಣ್ಣೆ ಮುದುಡಿ ಅರ್ಧ ಆಗುತ್ತದೆ. ಬಿಸಿನೀರೂ ಬೇಡ. ಮೊದಲು ಎರಡು ದಿನ ಬಿಸಿಲಿಗೆ ಹರವಿ, ಕೋಲಿನಿಂದ ಮೆಲ್ಲಗೆ ಬಡಿದು ಧೂಳು ತೆಗೆಯಿರಿ. ಎಷ್ಟೋ ಸಲ ಅಷ್ಟಕ್ಕೇ ವಾಸನೆ ಹೋಗುತ್ತದೆ. ಹೋಗದಿದ್ದರೆ ಅಂಟುವಾಳದ ಕಾಯಿ ನೆನೆಸಿ ಕಿವುಚಿ, ಆ ನೊರೆ ಬೆರೆಸಿದ ತಣ್ಣೀರಲ್ಲಿ ಅದ್ದಿ ಎತ್ತಿ. ಹಿಂಡಬೇಡಿ. ಮಂಚದ ಮೇಲೆ ಹರವಿ ನೀರು ಸೋರಲು ಬಿಡಿ, ನೆರಳಲ್ಲಿ ಒಣಗಿಸಿ. ಎತ್ತಿಡುವಾಗ ಮಡಿಕೆಯಲ್ಲಿ ಒಣಗಿದ ಬೇವಿನ ಸೊಪ್ಪು ಇಡಿ, ನುಸಿ ಹಿಡಿಯಲ್ಲ.